ತೊಗರಿ ನಾಡಿನ ಶಾಲೆಗೆ ಮೊಜಾಂಬಿಕ್ ಪಾಠ ಬೇಕೆ?

ಪರ

ಕಲಬುರಗಿ ಕಡೆಯ ಮಗುವಿಗೆ ತೊಗರಿ ದರ ಅಂದರೆ ಅಪ್ಪನ ಮುಖ. ರಾಶಿ ಮುಗಿಸಿ ಮಾರುಕಟ್ಟೆಗೆ ಹೋದವನು ಮನೆಗೆ ಬಂದು ಚಪ್ಪಲಿ ಬಿಡುವ ರೀತಿಯಲ್ಲೇ ದರ ಗೊತ್ತಾಗುತ್ತದೆ. ಯಾಕೆ ಬಿತ್ತು ಅಂತ ಕೇಳಿದರೆ 'ದಲಾಲರ ಆಟ' ಅನ್ನುತ್ತಾರೆ. ಅರ್ಧ ನಿಜ.

ಉಳಿದರ್ಧ ಇಲ್ಲಿದೆ. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಮರುವರ್ಷ ಜುಲೈನಲ್ಲಿ ಭಾರತವು ಆಫ್ರಿಕಾದ ಮೊಜಾಂಬಿಕ್ ದೇಶದ ಜೊತೆ ಒಪ್ಪಂದ ಮಾಡಿಕೊಂಡಿತು: ನೀವು ಬೆಳೆಯಿರಿ, ನಾವು ಕೊಳ್ಳುತ್ತೇವೆ. ಅಲ್ಲಿನ ಸಣ್ಣ ರೈತರು ನಮ್ಮ ಸಾಂಬಾರನ್ನು ನಂಬಿ ಬಿತ್ತಿದರು. ಅಷ್ಟರಲ್ಲಿ ಇಲ್ಲೂ ಭರ್ಜರಿ ಬೆಳೆ ಬಂದು, ದರ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. 2017ರ ಆಗಸ್ಟ್‌ನಲ್ಲಿ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಮೊಜಾಂಬಿಕ್‌ನಲ್ಲಿ ದರ ನೆಲಕಚ್ಚಿತು. 2021ರ ಮೇ ತಿಂಗಳಲ್ಲಿ ಆ ಮಿತಿ ತೆಗೆದರು. ಈ ಸಲ ಎದೆ ಧಸಕ್ಕೆಂದದ್ದು ನಮ್ಮವರಿಗೆ.

ಇದನ್ನು ಹೇಳಲು ಒಂದು ಪೀರಿಯಡ್ ಸಾಕು. ಸಮುದ್ರದಾಚೆಯ ಆ ರೈತ ಅಪ್ಪನಿಗೆ ಎದುರಾಳಿಯೂ ಹೌದು, ಅಪ್ಪನಂಥವನೇ ಹೌದು. ಹತ್ತನೇ ಕ್ಲಾಸಿನ ಹುಡುಗಿಗೆ ಅದು ಅರ್ಥವಾಗುತ್ತದೆ.

ವಿರೋಧ

ಪಾಠವೇನೋ ಚಂದ. ಪುಸ್ತಕಕ್ಕೆ ಸೇರಿದ ಮೇಲೆ ಅದರ ಗತಿ ಏನು ಅಂತ ಶಾಲೆ ಕಂಡವರಿಗೆಲ್ಲ ಗೊತ್ತು: 'ಮೊಜಾಂಬಿಕ್‌ನ ರಾಜಧಾನಿ ______.' ಮಾಪುಟೊ ಅಂತ ಬರೆದವನಿಗೆ ಒಂದು ಅಂಕ.

ಅದೇ ಹುಡುಗನಿಗೆ ಹೊಲದಲ್ಲಿ ಬಾಡಿ ನಿಂತ ತೊಗರಿ ಗಿಡ ತೋರಿಸಿ. ನೀರಿಲ್ಲದೆ ಬಾಡಿತೋ, ನೆಟೆ ರೋಗವೋ? ಬುಡದ ಸಿಪ್ಪೆ ಸುಲಿದು ನೋಡಿದರೆ, ರೋಗವಾಗಿದ್ದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಕಾಯಿಕೊರಕ ಬಿದ್ದಾಗ ಸಾಲಿನ ನಡುವೆ ತಾಡಪಾಲು ಹಾಸಿ, ಗಿಡ ಬಾಗಿಸಿ ಅಲುಗಾಡಿಸಿದರೆ ಕೀಡಿ ಪಟಪಟ ಉದುರುತ್ತವೆ. ಅಜ್ಜಂದಿರು ಇದನ್ನು ಮಾಡುತ್ತಿದ್ದರು. ಮೊಮ್ಮಕ್ಕಳು ಕಂಡಿರುವುದು ಕೀಟನಾಶಕ ಹೊಡೆಯುವುದೊಂದನ್ನೇ.

ಇನ್ನು ಆಮದಿನ ಬಾಗಿಲು ತೆಗೆಯುವುದು, ಹಾಕುವುದು ದಿಲ್ಲಿಯವರ ಕೈಯಲ್ಲಿದೆ. ಹುಡುಗನ ಕೈಗೆ ಸಿಗುವುದು ಅಪ್ಪ ದಲಾಲರ ಅಡತಿ ಅಂಗಡಿಯಿಂದ ತಂದ ಚೀಟಿ: ಚೀಲ ಎಷ್ಟು, ತೂಕ ಎಷ್ಟು, ಹಮಾಲಿ ಅಂತ ಎಷ್ಟು ಮುರಿದುಕೊಂಡರು. ಗಣಿತದ ಮೇಷ್ಟ್ರು ಆ ಚೀಟಿಯನ್ನೇ ಬೋರ್ಡಿನ ಮೇಲೆ ಬರೆದು ಲೆಕ್ಕ ಹಾಕಿಸಲಿ. ಮೊಜಾಂಬಿಕ್ ಆಮೇಲೆ, ಗಂಟೆ ಹೊಡೆಯುವುದರೊಳಗೆ ಹೊತ್ತು ಉಳಿದರೆ.