ಕಾರ್ಪೆಟ್ ಇದ್ದಷ್ಟು ಕಾಲು ಚಾಚು

ನಮ್ಮ ಹಾಲ್ 10 ಅಡಿ ಅಗಲ, 11 ಅಡಿ ಉದ್ದ. ಅದನ್ನು ಹಾಲ್ ಅಂತ ಕರೆಯುವುದೇ ನಮ್ಮ ದೊಡ್ಡ ಮನಸ್ಸು. ಅಷ್ಟರಲ್ಲೇ ಸೋಫಾ, ಟೀಪಾಯಿ, ಟಿವಿ, ಟಿವಿಗೊಂದು ಕಪಾಟು. ಇವೆಲ್ಲ ಕೂತಾದ ಮೇಲೆ ನೆಲ ಅಂತ ಎಷ್ಟು ಉಳಿಯುತ್ತದೆ ಎಂದು ನಾನು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಲೆಕ್ಕ ಹಾಕದೆಯೇ ಅದನ್ನು ಮುಚ್ಚಲು ಹೊರಟೆ.

ತಪ್ಪೆಲ್ಲ ಒಂದು ಫೋಟೋದ್ದು. ಫೋನಿನಲ್ಲಿ ಕಂಡ ಆ ಮನೆಯಲ್ಲಿ ಗೋಡೆಯಷ್ಟೇ ದೊಡ್ಡ ಕಿಟಕಿ. ಚಾರ್ಜರ್ ವೈರಿಲ್ಲ, ಮಡಚದೆ ಬಿಟ್ಟ ಬಟ್ಟೆಯಿಲ್ಲ, ಮನುಷ್ಯರೂ ಇಲ್ಲ. ನಡುವೆ ಒಂದು ನೀಲಿ ಕಾರ್ಪೆಟ್. ಅದೊಂದು ಬಂದರೆ ಉಳಿದದ್ದೆಲ್ಲ ತಾನಾಗಿಯೇ ಬರುತ್ತದೆ ಎಂದು ನನಗೆ ಅನ್ನಿಸಿತು.

ಸಣ್ಣ ಹಾಲ್‌ಗೆ ಸಣ್ಣ ಕಾರ್ಪೆಟ್ ಅಲ್ವಾ? ಹಾಗಂತ 3 ಅಡಿಗೆ 5 ಅಡಿಯದನ್ನು ತರಿಸಿದೆ. ಬಿಚ್ಚಿ ಹಾಸಿದರೆ ಟೀಪಾಯಿಯ ನಾಲ್ಕು ಕಾಲು ಮಾತ್ರ ಅದರ ಮೇಲೆ ನಿಂತವು. ಸೋಫಾ ಒಂದು ದಡ, ಟಿವಿ ಇನ್ನೊಂದು ದಡ, ನಡುವೆ ನಮ್ಮ ಟೀಪಾಯಿ ತೆಪ್ಪದಲ್ಲಿ ಹೋಗುತ್ತಿರುವ ಹಾಗೆ. ಹಾಲ್ ಮೊದಲಿಗಿಂತ ಸಣ್ಣದಾಗಿ ಕಾಣತೊಡಗಿತು.

"ರೀ, ಸ್ಯಾಂಪಲ್ ಕಳಿಸಿದ್ದಾರಾ?" ಅಂದಳು ಹೆಂಡತಿ.

ಬಣ್ಣದ್ದು ಇನ್ನೊಂದು ಕಥೆ. ಬಾಗಿಲ ಬಳಿ ನಿಂತರೆ ಕಡುನೀಲಿ, ಸೋಫಾದಲ್ಲಿ ಕೂತರೆ ತಿಳಿನೀಲಿ. ಬೇರೆ ಯಾವುದನ್ನೋ ಕಳಿಸಿ ಮೋಸ ಮಾಡಿದ್ದಾರೆ ಎಂದು ಫೋನ್ ಮಾಡಿ ರೇಗಾಡಿದೆ. ಆ ಕಡೆಯ ಹುಡುಗಿ ಸಮಾಧಾನವಾಗಿ, "ಸರ್, ಅದರ ಎಳೆಗಳು ಒಂದೇ ದಿಕ್ಕಿಗೆ ಮಲಗಿರುತ್ತವೆ. ಒಂದು ಕಡೆಯಿಂದ ಬೆಳಕು ಜಾಸ್ತಿ ಹೊಳೆಯುತ್ತೆ, ಇನ್ನೊಂದು ಕಡೆಯಿಂದ ಕಡಿಮೆ. ತಿರುಗಿಸಿ ಹಾಸಿ ನೋಡಿ" ಅಂದಳು. ತಿರುಗಿಸಿದೆ. ಈಗ ಬಾಗಿಲಿಂದ ತಿಳಿನೀಲಿ, ಸೋಫಾದಿಂದ ಕಡುನೀಲಿ. ಅವಳು ಹೇಳಿದ್ದು ನಿಜವೇ.

ಜೊತೆಗೆ ಅದಕ್ಕೊಂದು ತಿರುಗಾಟದ ಚಟ. ನಮ್ಮದು ನುಣುಪು ಟೈಲ್ಸ್ ನೆಲ. ಕಾರ್ಪೆಟ್ಟಿನ ಕೆಳಗೆ ಜಾರದಂತೆ ತಡೆಯುವ ರಬ್ಬರ್ ಜಾಲರಿ ಹಾಕಬೇಕು ಎಂದು ಆಮೇಲೆ ತಿಳಿಯಿತು. ಅದು ತಿಳಿಯುವ ಮೊದಲೇ ಒಂದು ದಿನ ಫೋನ್ ಎತ್ತಲು ಓಡಿದೆ. ಕಾರ್ಪೆಟ್ ನನ್ನನ್ನು ಹೊತ್ತುಕೊಂಡು ಸೀದಾ ಟಿವಿ ಕಪಾಟಿನವರೆಗೆ ಬಿಟ್ಟು ಬಂತು. ಕಥೆಗಳಲ್ಲಿ ಬರುವ ಹಾರುವ ಕಂಬಳಿಗೆ ಬ್ರೇಕ್ ಹೇಗೆ ಹಾಕುತ್ತಿದ್ದರು ಎಂದು ಯಾರೂ ಬರೆದಿಲ್ಲ, ನೋಡಿ.

ಚಿಕ್ಕದು ತಂದು ಕೆಟ್ಟೆ ಅಂತ ಎರಡನೇ ಸಲ ದೊಡ್ಡದಕ್ಕೇ ಕೈಹಾಕಿದೆ. 8 ಅಡಿಗೆ 10 ಅಡಿ. ಅದೂ ಶಾಗ್ ಅನ್ನುವ ಜಾತಿ. ಎಳೆಗಳು ಒಂದೂವರೆ ಇಂಚು ಉದ್ದ. ಕಾಲಿಟ್ಟರೆ ಹೆಬ್ಬೆರಳು ಕಾಣುವುದಿಲ್ಲ. ಸೋಫಾ ಎತ್ತಿ, ಕಪಾಟು ಸರಿಸಿ, ಬೆವರು ಸುರಿಸಿ ಹಾಸಿದೆವು. ಮಗಳು ಅದರ ಮೇಲೆ ಉರುಳಾಡಿದಳು. ನನಗೂ ಆಸೆಯಾಯಿತು, ವಯಸ್ಸು ನೆನಪಾಗಿ ಸುಮ್ಮನಾದೆ. ಕನ್ನಡದಲ್ಲಿ ರತ್ನಗಂಬಳಿ ಅಂತ ಎಂಥ ಗತ್ತಿನ ಮಾತಿದೆ! ಅದನ್ನೇ ಎರಡು ಸಲ ಜೋರಾಗಿ ಹೇಳಿಕೊಂಡೆ.

ಅಷ್ಟರಲ್ಲಿ ಬೆಲ್ ಆಯಿತು. ಬಾಗಿಲು ಎಳೆದೆ. ಒಂದು ಗೇಣು ಬಂದು ನಿಂತುಬಿಟ್ಟಿತು. ನಮ್ಮ ಬಾಗಿಲು ಒಳಗೆ ತೆರೆಯುವಂಥದ್ದು. ಅದರ ಕೆಳಗಿದ್ದ ಸಂದು ಅರ್ಧ ಇಂಚು. ಕಾರ್ಪೆಟ್ ಎಷ್ಟು ದಪ್ಪ ಎಂದು ಆಗಲೇ ಹೇಳಿದ್ದೇನೆ.

ಸಂದಿಯಲ್ಲಿ ಚಿಕ್ಕಪ್ಪನ ಒಂದು ಕಣ್ಣು, ಅರ್ಧ ಮೀಸೆ ಕಂಡವು.

"ಏನೋ ಇದು? ಬಾಗಿಲಿಗೆ ಅಡ್ಡ ಯಾರು ಮಲಗಿದ್ದಾರೆ?"

"ಯಾರೂ ಇಲ್ಲ ಚಿಕ್ಕಪ್ಪ, ಕಾರ್ಪೆಟ್ಟು."

ಚಿಕ್ಕಪ್ಪ ತೆಳ್ಳಗಿನ ಮನುಷ್ಯರಲ್ಲ. ಮೊದಲು ಅವರ ಚೀಲ ಒಳಗೆ ಬಂತು, ಆಮೇಲೆ ಎಡಗೈ. ನಾನು ಮೊಣಕಾಲೂರಿ ಕಾರ್ಪೆಟ್ಟಿನ ಮೂಲೆ ಹಿಂದಕ್ಕೆ ಮಡಚಿದೆ, ಹೆಂಡತಿ ಬಾಗಿಲು ಎಳೆದಳು, ಚಿಕ್ಕಪ್ಪ ಉಸಿರು ಬಿಗಿಹಿಡಿದು ಅಡ್ಡಡ್ಡ ಸರಿದರು. ಅಂತೂ ಒಳಗೆ ಬಂದವರು ಸೋಫಾಕ್ಕೂ ಹೋಗದೆ ಅಲ್ಲೇ ಕಾರ್ಪೆಟ್ ಮೇಲೆ ಕೂತರು. ಕೈಯಲ್ಲಿ ಅದನ್ನು ಸವರಿದರು. "ಮೆತ್ತಗೆ ಚೆನ್ನಾಗಿದೆ ಕಣೋ" ಅಂದರು. ಆ ದಿನ ಬೆಳಗಿನಿಂದ ನನ್ನ ಪರವಾಗಿ ಬಂದ ಮೊದಲ ಮಾತು ಅದು.

ಮಾರನೇ ದಿನ ಬಡಗಿಯನ್ನು ಕರೆಸಿ ಬಾಗಿಲಿನ ಅಡಿಯಿಂದ ಒಂದು ಇಂಚು ಕೊಯ್ಸಿದೆ. ಕಾರ್ಪೆಟ್‌ಗೋಸ್ಕರ ಬಾಗಿಲು ಕೊಯ್ಸುವವರನ್ನು ತಾನು ನೋಡಿಲ್ಲ ಅನ್ನುವುದು ಅವನ ಮುಖದಲ್ಲೇ ಬರೆದಿತ್ತು. ಪಾಪ, ಬಾಯಲ್ಲಿ ಹೇಳಲಿಲ್ಲ.

ಬಾಗಿಲೇನೋ ತೆರೆಯಿತು. ಆದರೆ ಹೆಂಡತಿಯ ಓಲೆಯ ತಿರುಪು ಬಿತ್ತು. ಆ ಎಳೆಗಳ ನಡುವೆ ಬಿದ್ದದ್ದು ಕಾಡಿಗೆ ಹೋದ ಹಾಗೆ. ವ್ಯಾಕ್ಯೂಮ್ ತಂದೆ. ಅದರ ಮೂತಿಯಲ್ಲಿ ಗಿರಗಿರ ತಿರುಗುವ ಬ್ರಷ್ ಉದ್ದ ಎಳೆಗಳನ್ನು ಸುತ್ತಿಕೊಂಡು, ಕಿರುಚಿ, ನಿಂತೇ ಹೋಯಿತು. ಶಾಗ್ ಮೇಲೆ ಆ ಬ್ರಷ್ ಓಡಿಸಲೇಬಾರದಂತೆ. ಆಮೇಲೆ ಯಾರೋ ಹೇಳಿದ ಉಪಾಯ: ಬ್ರಷ್ ತೆಗೆದು, ಕೊಳವೆಯ ಬಾಯಿಗೆ ತೆಳ್ಳನೆಯ ಕಾಲುಚೀಲ ಕಟ್ಟಿ ಎಳೆಯಬೇಕು. ಸಣ್ಣ ವಸ್ತು ಬಟ್ಟೆಗೇ ಅಂಟಿ ನಿಲ್ಲುತ್ತದೆ. ದೀಪ ಆರಿಸಿ, ಮೊಬೈಲ್ ಟಾರ್ಚನ್ನು ನೆಲಕ್ಕೆ ಮಲಗಿಸಿ, ಮೂವರೂ ಬೋರಲಾಗಿ ಮಲಗಿ ಹುಡುಕಿದೆವು. ಎರಡು ಗುಂಡಿ, ಒಂದು ಪೆನ್ನಿನ ಕ್ಯಾಪ್, ರಿಮೋಟಿನದೊಂದು ಸೆಲ್, ಮಗಳ ಮೂರು ಹೇರ್‌ಪಿನ್ ಸಿಕ್ಕವು. ತಿರುಪು ಮಾತ್ರ ಸಿಗಲಿಲ್ಲ.

ಇನ್ನು ಓದಿ ತಿಳಿದೇ ಕೊಳ್ಳಬೇಕು ಎಂದು ತೀರ್ಮಾನಿಸಿದೆ. ಓದಿದ್ದು ಸ್ವಲ್ಪ ಜಾಸ್ತಿಯೇ ಆಯಿತು. ಒಂದೊಂದೇ ಗಂಟು ಹಾಕಿ ಕೈಯಲ್ಲಿ ಮಾಡಿದ ಕಾರ್ಪೆಟ್ಟಾದರೆ ಹಿಂಬದಿಯಲ್ಲೂ ಚಿತ್ರ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಹಿಂದೆ ಬಟ್ಟೆ ಅಂಟಿಸಿದ್ದರೆ ಅದು ಎಳೆ ಚುಚ್ಚಿ, ಗೋಂದು ಹಾಕಿ ಕೂರಿಸಿದ್ದು. ಇದು ಗೊತ್ತಾದ ಮೇಲೆ ಕಂಡವರ ಮನೆಯಲ್ಲೆಲ್ಲ ಕಾರ್ಪೆಟ್ಟಿನ ಮೂಲೆ ಮಗುಚುವ ಕೆಟ್ಟ ಅಭ್ಯಾಸ ಶುರುವಾಯಿತು. ಒಬ್ಬ ಗೆಳೆಯನ ಮನೆಯಲ್ಲಿ ಮಗುಚಿದಾಗ ಗಂಟುಗಳೂ ಕಂಡವು, ಅವಸರದಲ್ಲಿ ಗುಡಿಸಿ ಒಳಗೆ ತಳ್ಳಿದ್ದ ಕಸವೂ ಕಂಡಿತು. ಅವನ ಹೆಂಡತಿ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಪಾಜಿರಿಕ್ ಕಾರ್ಪೆಟ್ ಬಗ್ಗೆ ಓದಿದ್ದೂ ಆಗಲೇ. ಗಂಟು ಹಾಕಿ ನೇಯ್ದ ಕಾರ್ಪೆಟ್ಟುಗಳಲ್ಲಿ ಈಗ ಉಳಿದಿರುವ ಅತ್ಯಂತ ಹಳೆಯದು ಅದು. ಸುಮಾರು 2400 ವರ್ಷದ್ದು. 1949ರಲ್ಲಿ ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಒಂದು ಗೋರಿಯಲ್ಲಿ ಸಿಕ್ಕಿತು. ಹಿಂದೆ ಯಾವತ್ತೋ ಕಳ್ಳರು ಗೋರಿ ಕೊರೆದಿದ್ದರಿಂದ ನೀರು ಒಳಗಿಳಿದು ಹೆಪ್ಪುಗಟ್ಟಿ, ಆ ಮಂಜೇ ಅದನ್ನು ಕಾಪಾಡಿತು. ಅಳತೆ ಎಷ್ಟು ಗೊತ್ತಾ? ಹತ್ತಿರ ಹತ್ತಿರ 6 ಅಡಿಗೆ ಆರೂವರೆ ಅಡಿ!

"ನಮ್ಮ ಹಾಲ್‌ಗೆ ಹೇಳಿ ಮಾಡಿಸಿದ ಹಾಗಿದೆ ಕಣೇ. ಆದರೂ ಆ ಕಳ್ಳರು ಅದನ್ನು ಯಾಕೆ ಬಿಟ್ಟು ಹೋದರೋ" ಅಂದೆ.

"ಅವರ ಮನೆ ಬಾಗಿಲು ತೆರೀತಿರಲಿಲ್ವೇನೋ" ಅಂದಳು.

ಮೂರನೆಯದನ್ನು ಅವಳೇ ಆರಿಸಿದಳು. ಅದಕ್ಕೂ ಮೊದಲು ಹಳೆಯ ಪೇಪರ್‌ಗಳನ್ನು ಟೇಪಿನಿಂದ ಅಂಟಿಸಿ, 5 ಅಡಿಗೆ 8 ಅಡಿಯಷ್ಟು ನೆಲಕ್ಕೆ ಹಾಸಿದಳು. ಎರಡು ದಿನ ನಾವು ಸುದ್ದಿಯ ಮೇಲೆಯೇ ಓಡಾಡಿದೆವು. ಬಂದವರೆಲ್ಲ "ಪೇಂಟ್ ಮಾಡಿಸ್ತಿದ್ದೀರಾ?" ಅಂತ ಕೇಳಿದರು. ಆದರೆ ಎಲ್ಲವೂ ಆಗಲೇ ಗೊತ್ತಾಯಿತು. ಸೋಫಾದ ಮುಂದಿನ ಎರಡು ಕಾಲು ಕಾರ್ಪೆಟ್ ಮೇಲೆ, ಹಿಂದಿನವು ನೆಲದ ಮೇಲೆ. ಅಂಚಿನಲ್ಲಿ ಗೇಣಿಗಿಂತ ಜಾಸ್ತಿ ನೆಲ ಖಾಲಿ. ಅಷ್ಟಕ್ಕೇ ಹಾಲ್ ಸ್ವಲ್ಪ ಉಸಿರಾಡಿದ ಹಾಗಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ಸೋಫಾಕ್ಕೂ ಅನ್ವಯಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಬಂದದ್ದು ಜಮಖಾನದ ಹಾಗೆ ಚಪ್ಪಟೆ ನೇಯ್ಗೆಯದು, ಕಾಲು ಇಂಚು ದಪ್ಪ. ಕೆಳಗೆ ರಬ್ಬರ್ ಜಾಲರಿ. ಸುರುಳಿ ಬಿಚ್ಚಿದಾಗ ಮೂಲೆಗಳು ನಾಯಿಬಾಲದ ಹಾಗೆ ಮೇಲೆದ್ದಿದ್ದವು. ಒಂದು ರಾತ್ರಿ ಉಲ್ಟಾ ಸುತ್ತಿಟ್ಟಳು, ಬೆಳಗ್ಗೆ ತೆಪ್ಪಗೆ ಮಲಗಿತು.

ಈಗ ಉಳಿದಿರುವುದು ಬಾಗಿಲು. ಕೊಯ್ಸಿದ ಒಂದು ಇಂಚು ವಾಪಸ್ ಬರುವಂಥದ್ದಲ್ಲ. ಆ ಸಂದಿನಿಂದ ಗಾಳಿ, ಧೂಳು, ಜಿರಳೆ, ಆಗಾಗ ಒಂದು ಹಲ್ಲಿ, ಯಾವುದಕ್ಕೂ ತಡೆಯಿಲ್ಲ. ನೋಡಿ ನೋಡಿ ಸಾಕಾಗಿ, ಆ ಮೊದಲ ನೀಲಿ ಕಾರ್ಪೆಟ್ಟನ್ನು ಸುರುಳಿ ಸುತ್ತಿ ಬಾಗಿಲಡಿಗೆ ಒತ್ತಿಟ್ಟೆವು. ಸರಿಯಾಗಿ 3 ಅಡಿ ಅಗಲ. ಅದು ಅಳತೆಗೆ ಕೂತ ಜಾಗ ನಮ್ಮ ಮನೆಯಲ್ಲಿ ಅದೊಂದೇ.

ಶಾಗನ್ನು ಚಿಕ್ಕಪ್ಪ ಖುಷಿಯಿಂದ ಒಯ್ದರು. ವಾರ ಬಿಟ್ಟು ಅವರ ಫೋನ್ ಬಂತು.

"ಏನೋ, ಇದರಲ್ಲಿ ಓಲೆಯ ತಿರುಪು ಒಂದು ಸಿಕ್ಕಿದೆ. ನಿಮ್ಮದೇನಾ?"

"ಹೌದು ಚಿಕ್ಕಪ್ಪ! ಎಲ್ಲಿತ್ತು?"

"ಕಾಲಿಗೆ ಚುಚ್ಚಿತು. ತೆಗೆದಿಟ್ಟಿದ್ದೀನಿ. ಅದಿರಲಿ, ನಿಮ್ಮ ಬಡಗಿಯ ನಂಬರ್ ಸ್ವಲ್ಪ ಹೇಳು."