ನೀರು ಬೆರೆಸಿದ ಮೇಲೆ ನೋಡಿ

ಲಾ ಫೇ ಎನ್‌ವಿ ಅನ್ನೋ ಅಬ್ಸಿಂಥ್‌ನಲ್ಲಿ (ಸೋಂಪಿನ ಘಮದ, ಕಹಿ ಗಿಡಮೂಲಿಕೆಯ ಗಟ್ಟಿ ಮದ್ಯ) ಆಲ್ಕೋಹಾಲ್ ಬರೀ ಶೇ. 38, ಅದಕ್ಕೇ ಹೊಸಬರಿಗೆ ಸುಲಭ ಅಂತ ನಿಮ್ಮ ಲೇಖನದಲ್ಲಿದೆ. ಅರ್ಧ ಮಾತ್ರ ಒಪ್ಪುತ್ತೇನೆ. ಅಬ್ಸಿಂಥನ್ನು ಹಾಗೇ ಗಂಟಲಿಗೆ ಸುರಿದುಕೊಳ್ಳೋರು ಯಾರು ಸ್ವಾಮಿ? ಶೇ. 68ರ ಪೆರ್ನೋ ಬ್ರಾಂಡಿನ ಅಬ್ಸಿಂಥ್ 30 ಎಂಎಲ್‌ಗೆ 120 ಎಂಎಲ್ ತಣ್ಣೀರು ಬಿಟ್ಟರೆ ಶೇ. 13.6 ಆಗುತ್ತೆ. ಲಾ ಫೇ 30 ಎಂಎಲ್‌ಗೆ 60 ಎಂಎಲ್ ಬಿಟ್ಟರೆ ಶೇ. 12.7. ಲೋಟದಲ್ಲಿ ಎರಡೂ ಹೆಚ್ಚುಕಡಿಮೆ ವೈನ್ ಅಷ್ಟೇ. ಹೌದು, ಹೊಟ್ಟೆಗೆ ಹೋಗೋ ಆಲ್ಕೋಹಾಲ್ ಅರ್ಧದಷ್ಟಾಗುತ್ತೆ, ಆ ಲಾಭ ನಿಜ.

ನೀವು ಬಿಟ್ಟ ವಿಷಯ ಇನ್ನೊಂದಿದೆ. ಸೋಂಪಿನ ಪರಿಮಳದ ಎಣ್ಣೆ ಗಟ್ಟಿ ಆಲ್ಕೋಹಾಲ್‌ನಲ್ಲಿ ಕರಗಿರುತ್ತೆ, ನೀರು ಬಿದ್ದೊಡನೆ ಬೇರ್ಪಟ್ಟು ಹಾಲಿನಂತೆ ಮಬ್ಬಾಗುತ್ತೆ. ಫ್ರೆಂಚರು ಅದಕ್ಕೆ ‘ಲೂಶ್’ ಅಂತಾರೆ. ಆಲ್ಕೋಹಾಲ್ ಇಳಿಸಿದರೆ ಅಷ್ಟು ಎಣ್ಣೆ ಹಿಡಿದಿಡೋಕೆ ಆಗಲ್ಲ. ಗಿಡಮೂಲಿಕೆಯ ಸಹಜ ಹಸಿರೂ ಬೇಗ ಮಾಸುತ್ತೆ. (ಅಬ್ಸಿಂಥ್‌ಗೆ ಕಹಿ ಕೊಡುವ ಗಿಡ ನಮ್ಮ ದವನದ ಬಳಗದ್ದೇ!)

ಕಾಕ್‌ಟೇಲ್ ವಿಷಯದಲ್ಲಂತೂ, ಕಡಿಮೆ ಗಟ್ಟಿಯದ್ದೇ ಸರಿ ಅನ್ನೋದಕ್ಕೆ ನಾನು ಉಲ್ಟಾ. ವಿಸ್ಕಿಯ ಕಾಕ್‌ಟೇಲ್ ಆದ ಸಜರ‍್ಯಾಕ್‌ಗೆ ಲೋಟದ ಒಳಮೈಗೆ ಅಬ್ಸಿಂಥ್ ಸವರಿ ಚೆಲ್ಲೋದಷ್ಟೇ. ನಾಲ್ಕು ಹನಿಯಲ್ಲಿ ಘಮ ಬರಬೇಕಾದರೆ ನನಗೆ ಹಳೇ ಗಟ್ಟಿ ಬಾಟಲಿಯೇ ಇರಲಿ.