ಅಕ್ಷರ ಬಂತು ಅಂತ ಓದಿ ಹೇಳೋದನ್ನ ನಿಲ್ಲಿಸಬೇಡಿ

"ಅವನಿಗೆ ಈಗ ಓದೋಕೆ ಬರುತ್ತಲ್ಲ, ಇನ್ನೂ ನಾವ್ಯಾಕೆ ಓದಿ ಹೇಳಬೇಕು?" ಎರಡನೇ ಕ್ಲಾಸು, ಮೂರನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರಿಂದ ಈ ಮಾತನ್ನು ಆಗಾಗ ಕೇಳುತ್ತೇನೆ. ಮಗು ಚಿಕ್ಕದಿದ್ದಾಗ ತೊಡೆ ಮೇಲೆ ಕೂರಿಸಿಕೊಂಡು ಚಿತ್ರ ತೋರಿಸಿ ಕಥೆ ಹೇಳಿದವರೇ, ಅದು ಅಕ್ಷರ ಕೂಡಿಸಲು ಶುರು ಮಾಡಿದ ಕೂಡಲೇ ಪುಸ್ತಕ ಕೈಗಿಟ್ಟು "ನೀನೇ ಓದ್ಕೋ" ಅಂದುಬಿಡುತ್ತಾರೆ. ಎಷ್ಟೋ ಮಕ್ಕಳು ಪುಸ್ತಕದಿಂದ ದೂರ ಸರಿಯುವುದು ಇಲ್ಲಿಂದಲೇ ಅಂತ ನನಗನ್ನಿಸುತ್ತದೆ.

ನಮ್ಮ ಲಿಪಿಯನ್ನೇ ನೋಡಿ. ವರ್ಣಮಾಲೆಯ 49 ಅಕ್ಷರ ಬಂದರೆ ಓದು ಬಂತು ಅಂದುಕೊಳ್ಳುತ್ತೇವೆ. ಆದರೆ ಒಂದೊಂದು ವ್ಯಂಜನದ ಕಾಗುಣಿತ ಸೇರಿಸಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ. ಆಮೇಲೆ ಒತ್ತಕ್ಷರ. ಕ, ಗ, ದ ಒತ್ತುಗಳು ಮೂಲ ಅಕ್ಷರವನ್ನೇ ಹೋಲುತ್ತವೆ, ಪರವಾಗಿಲ್ಲ. ತ, ನ, ಮ, ಯ, ರ, ಲ ಒತ್ತುಗಳಿಗೆ ಬೇರೆಯದೇ ಆಕಾರ. ಇನ್ನು ಅರ್ಕಾವತ್ತು! ಮೂರನೇ ಕ್ಲಾಸಿನಲ್ಲಿರುವ ನನ್ನ ಮಗಳು ಮೊನ್ನೆ ಕಥೆ ಓದುತ್ತಾ 'ತೀರ್ಮಾನ' ಅನ್ನುವಲ್ಲಿ ನಿಂತಳು. "ತೀ... ಮಾ... ಅಪ್ಪಾ, ಮಧ್ಯದಲ್ಲಿ ಒಂಬತ್ತು ಯಾಕೆ ಬಂತು?" ಅಂದಳು. ಸರಿಯಾಗೇ ಕೇಳಿದ್ದಾಳೆ. ಆ ಕೊಂಡಿ ನೋಡೋಕೆ ಕನ್ನಡದ ೯ರ ಹಾಗೇ ಇದೆ. ಉಚ್ಚಾರದಲ್ಲಿ ಮೊದಲು ಬರುವ ರ್ ಬರಹದಲ್ಲಿ ಮಾ ಆದಮೇಲೆ ಕೂತಿದೆ. ಬೆರಳಿಟ್ಟು ತೋರಿಸಿದೆ. ಅವಳು ಆ ಪದ ಬಿಡಿಸಿ ಓದುವಷ್ಟರಲ್ಲಿ ರಾಜ ಯಾವ ವಿಷಯಕ್ಕೆ ತೀರ್ಮಾನ ಕೊಟ್ಟ ಅನ್ನೋದೇ ಮರೆತುಹೋಗಿತ್ತು. ಅದೇ ಪುಟವನ್ನು ನಾನು ಓದಿದೆ. ಅರ್ಧಕ್ಕೇ ತಡೆದು, "ಇದು ಅನ್ಯಾಯ, ಆ ಮುದುಕಿ ಕದ್ದಿಲ್ಲ" ಅಂತ ಜಗಳಕ್ಕೆ ನಿಂತಳು.

ಈ ವಯಸ್ಸಿನಲ್ಲಿ ಕಣ್ಣಿಗಿಂತ ಕಿವಿ ಮುಂದಿರುತ್ತದೆ. ಕೇಳಿ ಅರ್ಥಮಾಡಿಕೊಳ್ಳುವ ಕಥೆಯನ್ನು ಮಗು ತಾನೇ ಓದಿ ದಕ್ಕಿಸಿಕೊಳ್ಳೋಕೆ ಇನ್ನೂ ಕೆಲವು ವರ್ಷ ಬೇಕು. ನಡುವಿನ ಆ ವರ್ಷಗಳಲ್ಲಿ ಅದಕ್ಕೆ ಸಿಗುವುದು ಬರೀ ಪಾಠದ ಪುಸ್ತಕವಾದರೆ, ಓದು ಅಂದರೆ ಕಷ್ಟದ ಕೆಲಸ ಅಂತಲೇ ಮನಸ್ಸಲ್ಲಿ ಕೂರುತ್ತದೆ. ಹಳ್ಳಿ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯ 2022ರ ವರದಿಯ ಪ್ರಕಾರ ನಮ್ಮ ದೇಶದ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ನೂರಕ್ಕೆ ಸುಮಾರು 43 ಮಂದಿ ಮಾತ್ರ. ಕೊರೊನಾದ ಪೆಟ್ಟೂ ಅದರಲ್ಲಿ ಇತ್ತು, ನಿಜ. ಆದರೂ ಶಾಲೆಯೊಂದೇ ಇದನ್ನು ಸರಿಮಾಡಲಿ ಅಂತ ಕೂರುವುದು ನನಗಂತೂ ಒಪ್ಪಿಗೆಯಿಲ್ಲ.

ಒಬ್ಬರು ಓದುವುದು, ಉಳಿದವರು ಕೂತು ಕೇಳುವುದು ನಮಗೇನೂ ಹೊಸದಲ್ಲ. ಗಮಕದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ವಾಚನ ಮಾಡಿದರೆ ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಾರೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಇವತ್ತಿಗೂ ಗಮಕಕ್ಕೆ ಹೆಸರುವಾಸಿ. ಅಕ್ಷರ ಬಾರದವರೂ ಹೀಗೆ ಕೇಳಿ ಕೇಳಿಯೇ ಹಳಗನ್ನಡ, ನಡುಗನ್ನಡದ ರುಚಿ ಕಂಡರು. ಮನೆಯಲ್ಲಿ ಊಟ ಆದಮೇಲೆ ಹತ್ತು ಹದಿನೈದು ನಿಮಿಷ ನಾವು ಮಾಡಬೇಕಾದ್ದೂ ಇಷ್ಟೇ. ಒಂದು ಪುಟ ನೀವು, ಒಂದು ಪುಟ ಮಗು. ಅದು ಸುಸ್ತಾದರೆ ಅದರ ಪುಟವನ್ನೂ ನೀವೇ ಓದಿ. ಪ್ರತಿ ತಪ್ಪಿಗೂ ತಡೆಯಬೇಡಿ. ದಯವಿಟ್ಟು ಕಥೆ ಮುಗಿದ ಕೂಡಲೇ "ಇದರ ನೀತಿ ಏನು?" ಅಂತ ಕೇಳಬೇಡಿ. ಖುಷಿಯಾಗಿ ಕೇಳುತ್ತಿದ್ದ ಮಗು ಆ ಒಂದು ಪ್ರಶ್ನೆಗೆ ಪರೀಕ್ಷೆ ಬರೆಯುವವರ ಮುಖ ಮಾಡಿಬಿಡುತ್ತದೆ.

ಇಂಗ್ಲಿಷ್ ಮೀಡಿಯಂ ಮಕ್ಕಳ ಮನೆಯಲ್ಲಂತೂ ಇದು ಇನ್ನೂ ಜಾಸ್ತಿ ಬೇಕು. ಶಾಲೆಯಲ್ಲಿ ಕನ್ನಡ ದಿನಕ್ಕೊಂದು ಪೀರಿಯಡ್ ಸಿಕ್ಕರೆ ಹೆಚ್ಚು. ಅಪ್ಪ ಅಮ್ಮನಿಗೆ ಓದು ಬಾರದಿದ್ದರೂ ಚಿಂತೆಯಿಲ್ಲ. ಮಗುವೇ ಅಜ್ಜಿಗೆ ಓದಿ ಹೇಳಲಿ. ಮಧ್ಯೆ ಮಧ್ಯೆ "ಆಮೇಲೇನಾಯ್ತು ಮಗಾ?" ಅನ್ನುವ ಅಜ್ಜಿಗಿಂತ ಒಳ್ಳೆಯ ಕೇಳುಗರು ಎಲ್ಲಿ ಸಿಗುತ್ತಾರೆ?

ಪುಸ್ತಕಕ್ಕೆ ದುಡ್ಡು ಅಂತ ಹಿಂಜರಿಯಬೇಡಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತ, ಓದುವ ಮಟ್ಟ ನೋಡಿ ಆರಿಸಿಕೊಳ್ಳಬಹುದು. ಹಳ್ಳಿಗಳಲ್ಲಿ ಪಂಚಾಯ್ತಿ ಗ್ರಂಥಾಲಯಗಳಿವೆ, ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಯೋಜನೆಯಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನಿಮ್ಮೂರಿನದಕ್ಕೆ ಒಮ್ಮೆ ಮಗುವನ್ನು ಕರೆದುಕೊಂಡು ಹೋಗಿ. ಕಪಾಟಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳೇ ತುಂಬಿದ್ದು ಮಕ್ಕಳ ಪುಸ್ತಕ ಕಾಣದಿದ್ದರೆ ಸುಮ್ನೆ ವಾಪಸ್ ಬರಬೇಡಿ, ಪಂಚಾಯ್ತಿಯಲ್ಲಿ ಕೇಳಿ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ಟುತ್ತಿರುವವರು ನಾವೇ ಅಲ್ವಾ?